ಅವ್ವ ಹಣೆಬರಹ ಎಂದದ್ದು

ಪೋತ್ನಾಳ, ಶುಕ್ರವಾರ

ಮಾನ್ವಿಯ ಸರ್ಕಾರಿ ವಕೀಲರಾದ ಉಮಾದೇವಿ ಮೇಡಂ ಅವರಿಗೆ,

ನಮಸ್ಕಾರ. ನಾನು ಮಂಜುಳಾ, ಟಿಪ್ಪರ್ ಹಾಯ್ದು ಸತ್ತ ಅಂಜಿನೇಯನ ತಂಗಿ. ಸೋಮವಾರ ನಮ್ಮ ಅವ್ವ ಅಯ್ಯಮ್ಮನ ಸಾಕ್ಷಿ ಇದೆ.

ಅಣ್ಣ ಸತ್ತ ದಿನ ಪೊಲೀಸರು "ಹೆಂಗಾತು ಯವ್ವಾ?" ಎಂದು ಕೇಳಿದಾಗ ಅವ್ವ "ನಮ್ಮ ಹಣೇಬಾರ ರೀ" ಎಂದು ಅತ್ತಳು. ಹೇಳಿಕೆಯಲ್ಲಿ ಅದನ್ನೇ ಬರೆದುಕೊಂಡರು. ತಾಯಿಯೇ ಯಾರನ್ನೂ ದೂರಿಲ್ಲ, ಇದು ಬರೀ ಆಕಸ್ಮಿಕ, ದೊಡ್ಡ ಶಿಕ್ಷೆಯ ಕಲಂ ಕೈಬಿಡಬೇಕು ಎಂದು ಚಾಲಕನ ವಕೀಲರು ಈಗ ವಾದಿಸುತ್ತಿದ್ದಾರೆ.

ಸಾವಿನ ಮನೆಯಲ್ಲಿ ನಮ್ಮವರೆಲ್ಲ ಆಡುವ ಮಾತು ಅದು. ಈ ವಾದವನ್ನು ತಿಳಿಸಿದಾಗ ಅವ್ವ ನನ್ನ ಮೇಲೆಯೇ ಸಿಟ್ಟಾದಳು: "ಹಣೇಬಾರ ನಂದು ಅಂದೆ. ಅವಂದು ತಪ್ಪಿಲ್ಲ ಅಂದ್ನೇನಬೇ?"

ಅವತ್ತು ಅವ್ವ ಅಣ್ಣನ ಹಿಂದೆಯೇ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಟಿಪ್ಪರ್ ಎದುರಿನಿಂದ ಬಂದದ್ದರಿಂದ ಎಲ್ಲವನ್ನೂ ನೋಡಿದ್ದಾಳೆ. ಆದರೆ ದಯವಿಟ್ಟು "ಅಪಘಾತ ಹೇಗಾಯಿತು?" ಎಂದು ಕೇಳಬೇಡಿ. ಮತ್ತೆ ಹಣೆಬರಹ ಎಂದುಬಿಡುತ್ತಾಳೆ. "ಡ್ರೈವರನ ಕೈಯಾಗ ಏನಿತ್ತು ಯವ್ವಾ?" ಎಂದು ಕೇಳಿ, ಸ್ವಲ್ಪ ಕಾಯಿರಿ. ಫೋನಿತ್ತು ಎಂದೂ, ಅದು ಕಿವಿಯ ಹತ್ತಿರವಲ್ಲ, ಕಣ್ಣ ಮುಂದೆ ಇತ್ತೆಂದೂ ಹೇಳುತ್ತಾಳೆ. ಮನೆಯಲ್ಲಿ ದಿನಾ ಅದನ್ನೇ ಹೇಳುತ್ತಾಳೆ.

ಇಂತಿ,
ಮಂಜುಳಾ