ತರೀಕೆರೆಯ ಊಟಕ್ಕೆಂದು ಕಲಿತ ಜರ್ಮನ್

ಅತ್ತೆಮ್ಮನವರಿಗೆ ಸೊಸೆ ಗಿರಿಜಳ ಶರಣು.

ನೀವು ಇದ್ದಾಗ ನಿಮಗೊಂದು ಕಾಗದ ಬರೆಯುವ ಸಂದರ್ಭವೇ ಬಂದಿರಲಿಲ್ಲ. ಅಡುಗೆಮನೆಯಿಂದ ನಡುಮನೆಗೆ ಯಾರಾದರೂ ಕಾಗದ ಬರೆಯುತ್ತಾರೆಯೇ? ಕೂಗಿದರೆ ಸಾಕಿತ್ತು. ಈಗ ಕೂಗಿದರೆ ಅಕ್ಕಪಕ್ಕದವರು ಏನಂದುಕೊಂಡಾರು ಎಂದು ಬರೆಯುತ್ತಿದ್ದೇನೆ. ಬೀಗರು ಜರ್ಮನಿಯಿಂದ ಬಂದುಹೋದರು ಅತ್ತೆಮ್ಮ. ತರೀಕೆರೆಯಲ್ಲಿ ಊಟವಾಯಿತು. ನಾನು ಜರ್ಮನ್ ಮಾತಾಡಿದೆ. ನಿಮ್ಮ ಮಗನೂ ಮಾತಾಡಿದರು. ಅದರಿಂದ ಏನೇನಾಯಿತು ಎಂದರೆ... ತಡೆಯಿರಿ, ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರು ಮಾಡಿದರೆ ನಿಮಗೆ ಸಿಟ್ಟು ಬರುತ್ತಿತ್ತಲ್ಲ.

ಸಿಂಧು ಆ ಸುದ್ದಿ ಹೇಳಿದ ಸಂಜೆ ನೆನಪಿದೆಯೇ? ನಿಮ್ಮ ಮೊಮ್ಮಗಳು ಕೊಬ್ಬರಿ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು ತೆಪ್ಪಗಿದ್ದಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ನೋಡಿದರೆ, ಅಲ್ಲಿಗೆ ಒಣಗಿಸುವ ಮಿಷಿನ್ ಕೂರಿಸಲು ಜರ್ಮನಿಯಿಂದ ಬಂದ ಹುಡುಗನನ್ನೇ ಮದುವೆಯಾಗುತ್ತೇನೆ ಎಂದಳು. ಮಿಷಿನ್ ಕೂತರೂ ಹುಡುಗ ಊರಿಗೆ ಹೋಗದೆ ಕಡೂರಿನಲ್ಲೇ ನೌಕರಿ ಹಿಡಿದಿದ್ದನಂತೆ. ನಿಮ್ಮ ಮಗ ತಟ್ಟೆಯ ಮುಂದಿನಿಂದ ಎದ್ದು ಹೋದರು. ನೀವು ಮಾತ್ರ ಚಕ್ಕಳಮಕ್ಕಳ ಹಾಕಿ ವಿಚಾರಣೆಗೆ ಕೂತಿರಿ.

"ಬಾಡು ತಿಂತಾನಾ?"

"ತಿಂತಿದ್ದ ಅಜ್ಜಿ. ಈಗ ಇಲ್ಲ."

"ನಿನ್ ಮುಂದೆ ಇಲ್ವೋ, ನಿನ್ ಹಿಂದೂ ಇಲ್ವೋ? ಹೆಸ್ರೇನು?"

"ಯೋನಾಸ್."

"ನನ್ ನಾಲ್ಗೆಗೆ ಹತ್ತಲ್ಲ. ಯೋಗೀಶ ಅಂತೀನಿ."

ಅವತ್ತಿನಿಂದ ಅವನು ನಮ್ಮ ಮನೆಯಲ್ಲಿ ಯೋಗೀಶನೇ. ಅಪ್ಪ ಅಮ್ಮನನ್ನು ನೋಡದೆ ಹೆಣ್ಣು ಕೊಡುವುದಿಲ್ಲ, ಕರೆಸು ಎಂದಿರಿ. ಅವರಿಗೆ ಇಂಗ್ಲಿಷ್ ಕೂಡ ಬರುವುದಿಲ್ಲ, ನಾವೇ ಮಧ್ಯೆ ಕೂತು ಹೇಳುತ್ತೇವೆ ಎಂದಳು ಸಿಂಧು. "ನೀವ್ ಮಧ್ಯೆ ಕೂತ್ರೆ ನಿಮಗ್ ಬೇಕಾದ್ದಷ್ಟೇ ದಾಟಿಸ್ತೀರ ಕಣೇ. ನಾವೇ ಕಲ್ತ್ಕೋತೀವಿ. ಏನೇ ಗಿರ್ಜಾ?" ಎಂದು ನನ್ನ ಕಡೆ ತಿರುಗಿದಿರಿ. ಮದುವೆಯಾಗಿ ಬಂದ ಲಾಗಾಯ್ತು ನಿಮ್ಮ ಯಾವ ಪ್ರಶ್ನೆಗೆ ನಾನು ಇಲ್ಲ ಅಂದಿದ್ದೆ?

ಶಮೀಮ್ ನಿಮ್ಮ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತ ಏನೋ ಗೊಣಗುತ್ತಿದ್ದ ಬೆಳಗನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು, ನರ್ಸಿಂಗ್ ಹೋಮಿನ ಡ್ಯೂಟಿಗೆ ಮುಂಚೆ ನಮ್ಮ ಮನೆಗೆ ಬರುತ್ತಿದ್ದ ಹುಡುಗಿ. ಮನೆಯಲ್ಲಿ ದಖನಿ, ನಮ್ಮ ಹತ್ತಿರ ಕನ್ನಡ, ಬಸ್ಸಿನಲ್ಲಿ ಜರ್ಮನ್ ಪಾಠ. ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕಂತೆ. ದೇವರೇ ಕಳಿಸಿದ ಮೇಷ್ಟ್ರು ಎಂದು ನೀವು ಅವಳನ್ನು ಹಿಡಿದು ಕೂರಿಸಿದಿರಿ. ಆದರೆ ಅವಳಿಗೆ ಬರುತ್ತಿದ್ದುದೆಲ್ಲ ಆಸ್ಪತ್ರೆಯ ಮಾತು. ಬಾಯಿ ತೆರೆಯಿರಿ, ಉಸಿರು ಬಿಗಿಹಿಡಿಯಿರಿ, ಪಕ್ಕಕ್ಕೆ ಹೊರಳಿ.

"ಊಟಕ್ ಕೂತಾಗ ಬೀಗಿತ್ತಿಗೆ ಪಕ್ಕಕ್ ಹೊಳ್ಳಿ ಅನ್ನಕ್ಕಾಯ್ತದೇನಮ್ಮಾ? ಊಟದ್ದು ಹೇಳ್ಕೊಡು."

"ಆಯ್ತಜ್ಜಿ, ಊಟದ್ದೇ ಹೇಳ್ಕೊಡ್ತೀನಿ, ಕಾಲ್ ಅಲ್ಲಾಡಿಸ್ಬೇಡಿ."

ಅಷ್ಟು ಹೊತ್ತಿಗೆ ಬೀಗರು ಸಿಂಧುವಿನ ಕೈಲಿ ಹೇಳಿಕಳಿಸಿದ್ದರು, ಒಂದು ಸಂಜೆ ಹೊರಗೆ ಹೋಟೆಲಿನಲ್ಲಿ ಊಟ, ಕರೆಯುವವರು ನಾವು ಎಂದು. "ಗಂಡಿನ ಕಡೆಯವ್ರೇ ಊಟ ಹಾಕ್ತಾರಾ? ಒಳ್ಳೇ ದೇಶ" ಎಂದಿರಿ. ಹುಟ್ಟಿದಾಗಿನಿಂದ ಹೋಟೆಲಿನ ನೀರು ಮುಟ್ಟದವರು ಒಪ್ಪಿಯೇ ಬಿಟ್ಟಿರಿ.

ಗೂಟೆನ್ ಆಬೆಂಟ್ ಎಂದು ಶಮೀಮ್ ಮೊದಲ ಪಾಠ ಹೇಳಿದಾಗ ನಿಮ್ಮ ಮುಖ ನೋಡಬೇಕಿತ್ತು. "ಸಂಜೆ ಹೊತ್ನಲ್ಲಿ ಯಾವ್ ಗೂಟಾನೇ?" ಅದು ಸಂಜೆಯ ನಮಸ್ಕಾರ ಎಂದು ಅವಳು ನಕ್ಕು ನಕ್ಕು ಸುಸ್ತಾದಳು. ಇನ್ನೊಂದು ಚೂರು ಹಾಕಿಸಿಕೊಳ್ಳಿ ಅನ್ನುವುದಕ್ಕೆ ನೊಖ್ ಐನ್ ಬಿಸ್ಶೆನ್. ಅದರಲ್ಲಿ ಬಿಸಿ ಇದೆಯಲ್ಲ, ಬಿಸಿ ಅನ್ನಕ್ಕೆ ಮಾತ್ರ ಹೇಳಬೇಕೋ, ತಣ್ಣಗಿನ ಮೊಸರಿಗೂ ನಡೆಯುತ್ತದೋ ಎಂದು ಕೇಳಿದಿರಿ. ನೊಖ್ ಅನ್ನುವಾಗ ಗಂಟಲಿನಾಳದಿಂದ ಬರುವ ಸದ್ದು ನನಗೆ ಇವತ್ತಿಗೂ ಬರುವುದಿಲ್ಲ. ನಿಮಗೆ ಮೊದಲ ದಿನವೇ ಬಂತು. "ಕಫ ತೆಗ್ಯೋದೇ ಭಾಷೆ ಆದ್ರೆ ನಾನ್ಯಾವತ್ತೋ ಕಲ್ತಿದ್ದೆ ಕಣೇ." ನನಗೆ ಗಟ್ಟಿಯಾಗಿ ಹತ್ತಿದ್ದು ಒಂದೇ: ಡಾಂಕೆ. ಅಂದರೆ ಥ್ಯಾಂಕ್ಸ್. ಏನು ಕೊಟ್ಟರೂ ನಗುತ್ತ ಡಾಂಕೆ ಅಂದುಬಿಟ್ಟರೆ ಮಾನ ಉಳಿಯುತ್ತದೆ ಎಂದುಕೊಂಡೆ. ಉಳಿದ ಪಾಠವೆಲ್ಲ ನನ್ನ ತಲೆಗೆ ಹತ್ತದೆ ಹಿತ್ತಲ ಬಾಗಿಲಿನಿಂದ ಹೋಯಿತು. ನಿಮ್ಮ ಮಗ ಪೇಪರ್ ಅಡ್ಡ ಹಿಡಿದು ಕೂತಿರುತ್ತಿದ್ದರು. "ಮನೆಯೋ ಹುಚ್ಚಾಸ್ಪತ್ರೆಯೋ" ಎಂದು ಒಮ್ಮೆ ಅಂದದ್ದು ಬಿಟ್ಟರೆ ಬಾಯಿ ಬಿಡಲಿಲ್ಲ. ಮಗಳ ಹತ್ತಿರವಂತೂ ಮಾತೇ ನಿಲ್ಲಿಸಿದ್ದರು.

ಬೀಗರು ಟಿಕೆಟ್ ತೆಗೆಸಿದ್ದಾರೆ ಎಂದು ಸಿಂಧು ಓಡಿಬಂದು ಹೇಳಿದ ವಾರದಲ್ಲೇ ನೀವು... ಇರಲಿ. ಅದನ್ನು ನಿಮಗೇ ನಾನೇನು ಹೇಳಲಿ? ಲಿಂಗೈಕ್ಯರಾದವರ ಕಾರ್ಯವೆಲ್ಲ ಮುಗಿಯಿತು. ಬೀಗರು ಬರುವುದನ್ನು ಮುಂದಕ್ಕೆ ಹಾಕಿದರು. ಆಮೇಲೆ ಬಂದು ತರೀಕೆರೆಯಲ್ಲಿ ಇಳಿದುಕೊಂಡರು. ನಿಮ್ಮ ಮಗ ಊಟಕ್ಕೆ ಬರುತ್ತಾರೋ ಇಲ್ಲವೋ ಎಂದು ನನಗೆ ಜೀವ ಹೋದಂತಾಗಿತ್ತು. ಸಂಜೆ ತಾವೇ ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದರು. "ಅವ್ವ ಒಪ್ಪಿದ್ ಊಟ. ಅದಕ್ಕೆ ಬತ್ತಾ ಇದೀನಿ, ಬೇರೇದಕ್ಕಲ್ಲ" ಎಂದರು. ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ.

ಹೋಟೆಲಿನ ಮೆಟ್ಟಿಲು ಹತ್ತಿದ ಆ ಗಳಿಗೆ ನೀವು ಜೊತೆಯಲ್ಲಿರಬೇಕಿತ್ತು. ಬೀಗಿತ್ತಿ ರೆನಾಟೆ, ಬೇಕರಿ ನಡೆಸಿದವರು, ಗುಂಡಗೆ ಬೆಳ್ಳಗೆ. ಬೀಗರು ಡೀಟರ್, ಬಸ್ ಓಡಿಸಿ ರಿಟೈರಾದವರು. ಹಗಲೆಲ್ಲ ಅಮೃತಾಪುರದ ಗುಡಿ ನೋಡಿ ಬಿಸಿಲಿಗೆ ಮೂಗು ಕೆಂಪಾಗಿತ್ತು. ನಾನು ಕೈ ಮುಗಿದು "ಗೂಟೆನ್ ಆಬೆಂಟ್" ಅಂದೆ. ಅವರು ಕೈ ಮುಗಿದು "ನಮಸ್ಕಾರ" ಅಂದರು. ಅಲ್ಲಿಗೆ ಇಬ್ಬರ ಬಂಡವಾಳವೂ ಅರ್ಧ ಖಾಲಿ. ಅಷ್ಟರಲ್ಲಿ ಸಿಂಧುವಿನ ಫೋನು. "ಅಮ್ಮಾ, ಡ್ರೈಯರ್ ಕೆಟ್ಟೋಗಿದೆ, ನಾವಿಬ್ರೂ ಇಲ್ಲೇ ಸಿಕ್ಕಾಕ್ಕೊಂಡಿದ್ದೀವಿ. ನೀವ್ ಊಟ ಶುರು ಮಾಡಿ, ಬತ್ತೀವಿ." ಶುರು ಮಾಡಿ ಅಂತೆ! ಭಾಷೆ ಬಾರದ ನಾಲ್ಕು ಜನ ಒಂದು ಮೇಜಿನ ಸುತ್ತ. ಫೋನಿನಲ್ಲಿ ಭಾಷಾಂತರ ಮಾಡೋಣ ಎಂದರೆ ನೆಟ್‌ವರ್ಕ್ ಗಿರಗಿರ ಸುತ್ತುತ್ತಲೇ ಇತ್ತು.

ಪಾತ್ರೆಗಳು ಮೇಜಿಗೆ ಬಂದ ಮೇಲೆ ರೆನಾಟೆ ತಾವೇ ಎದ್ದು ಬಡಿಸಲು ನಿಂತರು. ಹಸಿವಾಗಿತ್ತು ಅತ್ತೆಮ್ಮ, ಗಾಬರಿಯಲ್ಲಿ ಮಧ್ಯಾಹ್ನ ನಾನು ಸರಿಯಾಗಿ ಉಂಡಿರಲಿಲ್ಲ. ರೊಟ್ಟಿ ಹಿಡಿದು ಏನೋ ಕೇಳಿದರು. ನಾನು ನಗುತ್ತ "ಡಾಂಕೆ" ಅಂದೆ. ರೊಟ್ಟಿ ವಾಪಸ್ ಹೋಯಿತು. ಪಲ್ಯ ತಂದರು. "ಡಾಂಕೆ, ಡಾಂಕೆ." ಪಲ್ಯವೂ ಹೋಯಿತು. ಜೀರಿಗೆ ಅನ್ನ ಘಮಘಮ ಅನ್ನುತ್ತಿತ್ತು. ಇನ್ನಷ್ಟು ಭಕ್ತಿಯಿಂದ ಡಾಂಕೆ ಅಂದೆ. ಅನ್ನ ನನ್ನ ಮೂಗಿನ ಕೆಳಗಿನಿಂದ ಎದ್ದು ಹೋಯಿತು. ಇದೆಂಥ ಉಪಚಾರ? ನನ್ನ ತಟ್ಟೆಯಲ್ಲಿ ಎರಡು ಸೌತೆಕಾಯಿ ಹೋಳು.

ನಿಮ್ಮ ಮಗನದು ಇನ್ನೊಂದು ಕಥೆ. ಡಾಕ್ಟರು ಶುಗರ್ ಅಂದಮೇಲೆ ಅವರು ರಾತ್ರಿ ಅನ್ನ ಉಣ್ಣುವುದಿಲ್ಲವಲ್ಲ. ರೆನಾಟೆ ಅನ್ನದ ಸೌಟು ಹಿಡಿದಾಗ ಬಿಗುಮಾನದಿಂದ ಕನ್ನಡದಲ್ಲೇ "ನಾನು ಅನ್ನ ಬಿಟ್ಟೆ" ಎಂದರು. "ಆಹ್, ಬಿಟ್ಟೆ!" ಎಂದು ಆಕೆ ಮುಖವರಳಿಸಿ ಒಂದು ಸೌಟು ಸುರಿದರು. ಇವರು ಕೈ ಅಡ್ಡ ತಂದು "ಅಲ್ಲಮ್ಮಾ, ಬಿಟ್ಟೆ, ಬಿಟ್ಟೆ" ಅಂದರು. ಇನ್ನೆರಡು ಸೌಟು. ಜಾಮೂನು ಬಂತು. "ಅಯ್ಯೋ, ಸಿಹಿ ಯಾವತ್ತೋ ಬಿಟ್ಟೆ!" ಬಟ್ಟಲು ತುಂಬ ಜಾಮೂನು. ತಟ್ಟೆಯಲ್ಲಿ ಬಿದ್ದದ್ದನ್ನು ಚೆಲ್ಲಬಾರದು ಎಂದು ನೀವು ಕಲಿಸಿದ್ದೀರಲ್ಲ, ನಿಮ್ಮ ಮಗ ಬೆವರುತ್ತ ಉಂಡರು. ಪಕ್ಕದಲ್ಲಿ ನಾನು ಸೌತೆಕಾಯಿ ಕಡಿಯುತ್ತ ಕೂತೆ.

ಕೊನೆಗೆ ನಿಮ್ಮ ಮಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಮಾತಾಡಿದರು ನೋಡಿ, ನನ್ನ ಕೈಲಿದ್ದ ಸೌತೆಕಾಯಿ ಜಾರಿತು. "ಇಖ್ ಬಿನ್ ಫುಲ್!" ಇಖ್ ಬಿನ್ ಅಂದರೆ ನಾನು ಎಂದು ಹೇಳುವುದು. ಅದನ್ನು ಇವರಿಗೆ ಯಾರು ಕಲಿಸಿದರು? ಪೇಪರಿನ ಹಿಂದೆ ಕೂತು ಅಷ್ಟು ದಿನ ಓದುತ್ತಿದ್ದುದು ಪೇಪರನ್ನಲ್ಲ! ಡೀಟರ್ ಮೇಜು ಕುಟ್ಟಿ ನಗತೊಡಗಿದರು. "ಫೊಲ್! ಫೊಲ್!" ಎನ್ನುತ್ತ ಬಾಟಲಿ ಎತ್ತಿ ಕುಡಿದು ತೂರಾಡುವವರಂತೆ ನಟಿಸಿದರು. ಅವರಲ್ಲಿ ಹಾಗಂದರೆ ಕಂಠಮಟ್ಟ ಕುಡಿದಿದ್ದೇನೆ ಎಂದಂತೆ. ನಿಮ್ಮ ಮಗನಿಗೆ ಅರ್ಥವಾಗಿ, ಎದೆಯ ಮೇಲಿನ ಲಿಂಗ ಹಿಡಿದುಕೊಂಡು "ಶಿವಶಿವಾ, ಒಂದ್ ತೊಟ್ಟೂ ಮುಟ್ಟಿದವ್ನಲ್ಲ ಕಣ್ರೀ!" ಎಂದು ಎದ್ದುನಿಂತರು. ಡೀಟರ್ ಅವರ ಹೆಗಲ ಮೇಲೆ ಕೈಹಾಕಿ ಇನ್ನೂ ನಕ್ಕರು. ನೋಡುತ್ತಿದ್ದಂತೆ ಇವರೂ ನಕ್ಕುಬಿಟ್ಟರು. ನೀವು ಹೋದಮೇಲೆ ಅವರು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ ಅತ್ತೆಮ್ಮ.

ನಗು ಇಳಿಯುವ ಹೊತ್ತಿಗೆ ರೆನಾಟೆ ಫೋನು ತೆಗೆದು ಒಂದು ಫೋಟೋ ತೋರಿಸಿದರು. ಒಂದು ಕೋಣೆ, ನೀಟಾಗಿ ಹಾಸಿದ ಮಂಚ, ಗೋಡೆಯ ಮೇಲೆ ಸೈಕಲ್ಲು. ಯೋಗೀಶನ ಕೋಣೆ. "ಯೋನಾಸ್... ಕಡೂರ್..." ಎಂದು ನೆಲದತ್ತ ಬೆರಳು ಮಾಡಿದರು. ಇಲ್ಲೇ ಇದ್ದುಬಿಡುತ್ತಾನಾ ಎಂದು ಕೇಳುತ್ತಿದ್ದಾರೆ ಎಂದು ತಿಳಿಯಿತು. ಹೌದು ಎಂದು ತಲೆಯಾಡಿಸಿದೆ. ಆಕೆಯ ಕಣ್ಣು ತುಂಬಿಬಂತು. ನಮ್ಮ ಹುಡುಗಿ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂದು ನಾವು ಕಂಗಾಲಾಗಿದ್ದೆವಲ್ಲ, ಅಷ್ಟು ದೂರದ ಊರಿನಿಂದ ಮಗನನ್ನು ನಮಗೆ ಬಿಟ್ಟುಹೋಗುವವರ ಪಾಡೇನು ಎಂದು ಯಾರಾದರೂ ಯೋಚಿಸಿದ್ದೆವೇ? ಸಮಾಧಾನ ಹೇಳೋಣ ಎಂದರೆ ಮಾತೆಲ್ಲಿದೆ? ಶಮೀಮ್ ಪ್ರತಿ ಬೆಳಗ್ಗೆ ನಿಮ್ಮ ಪಾದ ಹಿಡಿದುಕೊಂಡು ಕೇಳುತ್ತಿದ್ದ ಮಾತೊಂದೇ ನಾಲಿಗೆಗೆ ಬಂತು. "ವೋ ಹಾಬೆನ್ ಝೀ ಶ್ಮೆರ್ತ್ಸೆನ್?" ನಿಮಗೆ ಎಲ್ಲಿ ನೋವು?

ರೆನಾಟೆ ನನ್ನನ್ನೇ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು "ಹೀರ್" ಅಂದರು. ಇಲ್ಲಿ ಎಂದು. ನಾನು ಆ ಕೈ ಹಿಡಿದುಕೊಂಡೆ. ಆಗ ನಿಮ್ಮ ಮಗ ಮುಂದಕ್ಕೆ ಬಾಗಿ, ಆಕೆಗೆ ಕನ್ನಡ ಬರುವುದಿಲ್ಲ ಅನ್ನುವುದನ್ನೂ ಮರೆತು, "ಅಳ್ಬ್ಯಾಡ ಕಣಮ್ಮ. ಅವ್ನು ನಮ್ ಮನೆ ಮಗನಂಗೇ ಇರ್ತಾನೆ. ನಾನಿದೀನಲ್ಲ, ನೋಡ್ಕೋತೀನಿ" ಎಂದರು. ಹೆತ್ತ ಮಗಳಿಗೆ ಹೇಳದೆ ಅಷ್ಟು ತಿಂಗಳು ಗಂಟಲಲ್ಲಿ ಹಿಡಿದುಕೊಂಡಿದ್ದ ಒಪ್ಪಿಗೆಯನ್ನು, ಒಂದಕ್ಷರ ಅರ್ಥವಾಗದ ಹೆಂಗಸಿಗೆ ಹೇಳಿದರು! ಮಾತು ಅರ್ಥವಾಗದಿದ್ದರೂ ಆಕೆ ಕಣ್ಣೊರೆಸಿಕೊಂಡರು.

ಸಿಂಧು, ಯೋಗೀಶ ಏದುಸಿರು ಬಿಡುತ್ತ ಬಂದು ನೋಡಿದರೆ, ರೆನಾಟೆಯ ಕಣ್ಣು ಕೆಂಪು, ಅಪ್ಪ ಕುರ್ಚಿಯಲ್ಲಿ ಒರಗಿದ್ದಾರೆ, ನನ್ನ ತಟ್ಟೆ ಖಾಲಿ. "ಅಮ್ಮಾ, ಏನಾಯ್ತು? ಅಪ್ಪ ಏನಂದ್ರು?" ಎಂದು ಹುಡುಗಿಗೆ ಅಳುವೇ ಬಂತು. "ನಿಮ್ಮಪ್ಪ ಒಪ್ಪಿದ್ರು ಕಣೇ. ಮೊದ್ಲು ನಂಗೊಂದು ರೊಟ್ಟಿ ಕೊಡ್ಸು" ಅಂದೆ. ಆಮೇಲೆ ಯೋಗೀಶ ಬಿಡಿಸಿ ಹೇಳಿದ. ಬಡಿಸಲು ಬಂದಾಗ ಬರೀ ಡಾಂಕೆ ಅಂದರೆ ಅವರಲ್ಲಿ ಬೇಡ ಎಂದರ್ಥ. ಬೇಕಾದರೆ ಅನ್ನಬೇಕಾದ್ದು "ಬಿಟ್ಟೆ", ಅಂದರೆ ದಯವಿಟ್ಟು. ರೆನಾಟೆ ತಲೆ ಚಚ್ಚಿಕೊಂಡು, ನನ್ನ ತಟ್ಟೆಗೆ ತಾವೇ ಬಡಿಸಿ, ನಾನು ಉಣ್ಣುವವರೆಗೂ ಪಕ್ಕದಲ್ಲೇ ಕೂತರು.

ಈಗ ಸುದ್ದಿ ಕೇಳಿ. ಮಾಘಮಾಸದಲ್ಲಿ ಮಠದಲ್ಲೇ ಮದುವೆ, ಬುದ್ಧಿಯವರು ಆಗಬಹುದು ಎಂದಿದ್ದಾರೆ. ಶಮೀಮ್ ಪರೀಕ್ಷೆ ಪಾಸಾದಳು, ಅವಳ ಅಮ್ಮ ಅಜ್ಜಂಪುರದಿಂದ ನಮಗೆ ಶೀರ್‌ಕುರ್ಮಾ ಕಳಿಸಿದ್ದರು. ರೆನಾಟೆ ಮನೆಯಲ್ಲಿ ಕೂತು ಕನ್ನಡ ಕಲಿಯುತ್ತಿದ್ದಾರೆ. ಇಲ್ಲಿಯವರೆಗೆ ಒಂದೇ ವಾಕ್ಯ ಬಂದಿದೆ, ಅದನ್ನೇ ಹೊತ್ತಿಲ್ಲ ಗೊತ್ತಿಲ್ಲ, ಫೋನ್ ಮಾಡಿದಾಗೆಲ್ಲ ಕೇಳುತ್ತಾರೆ: "ಊಟ ಆಯ್ತಾ?" ಮದುವೆಗೆ ಬಂದಾಗ ನಿಮ್ಮನ್ನು ಮಣ್ಣು ಮಾಡಿದ ತೋಟಕ್ಕೆ ಅವರನ್ನು ಕರೆದುಕೊಂಡು ಬರುತ್ತೇನೆ, ಇದು ನನ್ನ ಮಾತು. ಅಲ್ಲಿಯೂ ಅವರು ಅದನ್ನೇ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆಯ್ತು ಅಂದುಬಿಡಿ.

ನಿಮ್ಮ ಸೊಸೆ,
ಗಿರಿಜ