ಮಾಲೀಕರ ಹೆಸರು ಕೇಳುವ ಕಾಲಂ

ಹಾವೇರಿ
ಹದಿನಾಲ್ಕನೆಯ ಮೇಲೇರಿಕೆಯ ಮೂರನೇ ವರ್ಷ, ನರಕ ಚತುರ್ದಶಿ

ನನ್ನ ಅಜ್ಜಿಯ ಅಜ್ಜ ವೀರಬಸಪ್ಪನವರಿಗೆ ಶಿವಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ಅಪ್‌ಗ್ರೇಡ್ ಎನ್ನುವುದನ್ನು ನಾವು ಮೇಲೇರಿಕೆ ಎನ್ನುತ್ತೇವೆ. ವರ್ಷಗಳನ್ನೂ ಅದರಿಂದಲೇ ಎಣಿಸುತ್ತೇವೆ. ಅದು ನಡೆಯುವಾಗ ಲೆಕ್ಕದ ಯಂತ್ರ ತನ್ನ ಮೊದಲ ಮೇಲೇರಿಕೆಯ ದಿನದವರೆಗೂ, ಅಂದರೆ ನಿಮ್ಮ ಇವತ್ತಿನವರೆಗೂ, ಹಿಂದಕ್ಕೆ ಹೋಗಿ ಬರುತ್ತದೆ. ಆಗ ಬಿಲ್ಲಿನ ಷರಾದಲ್ಲಿ ಬರೆದದ್ದು ಹಿಂದಿನವರಿಗೂ ಕಾಣುತ್ತದೆಯಂತೆ. ಹದಿನೈದನೆಯದು ಈ ರಾತ್ರಿ ಇದೆ, ಅದನ್ನು ನಂಬಿ ಬರೆಯುತ್ತಿದ್ದೇನೆ. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಪಂಪು-ಪೈಪಿನ ಅಂಗಡಿಯಲ್ಲಿ ಇವತ್ತು ಏನಾಗುತ್ತಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಂಪ್ಯೂಟರ್ ಯಾರನ್ನೂ ಕೇಳದೆ ಅಪ್‌ಗ್ರೇಡ್ ಆಗಿ ಕೂತಿದೆ. ಲೆಕ್ಕದ ಸಾಫ್ಟ್‌ವೇರ್ ತೆರೆಯುತ್ತಿಲ್ಲ. ಹೇಗೋ ತೆರೆದರೆ ಬಿಲ್ಲಿನಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು; ಈ ಷರಾ ಒಂದಾದರೂ ಹಾಗಾಗದೆ ನಿಮ್ಮನ್ನು ಮುಟ್ಟಲಿ. ಪ್ರಿಂಟರ್ ಮುಷ್ಕರ ಹೂಡಿದೆ. ಕಂಪನಿಗೆ ಫೋನ್ ಮಾಡಿದರೆ ಆಫ್ ಮಾಡಿ ಆನ್ ಮಾಡಿ ಎನ್ನುವುದು ಬಿಟ್ಟು ಇನ್ನೊಂದು ಮಾತಿಲ್ಲ. ಹಬ್ಬದ ಗಿರಾಕಿಗಳು ಕೌಂಟರಿನಲ್ಲಿ ನಿಂತು ನಿಮ್ಮ ತಲೆ ತಿನ್ನುತ್ತಿದ್ದಾರೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಬರುವ ಪಾಡ್ಯದ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡು ಹೂವು ಇಟ್ಟು, ಹೊಸ ಸಾಫ್ಟ್‌ವೇರ್ ಹಾಕಿಸುತ್ತೀರಿ. ಅದು ಮೊದಲು ಮಾಲೀಕರ ಹೆಸರು ಕೇಳುತ್ತದೆ; ತುಂಬದೆ ಮುಂದೆ ಬಿಡುವುದಿಲ್ಲ. ಯಾರ ಹೆಸರು ಹಾಕಲಿ ಎಂದು ಲೆಕ್ಕ ಬರೆಯುವ ಪರಿಮಳಾ ಕೇಳುತ್ತಾಳೆ. ಹೊಸ ಲೆಕ್ಕಕ್ಕೆ ಮೊದಲು ದೇವರ ಹೆಸರು ಬರೆಯುವುದು ನಮ್ಮ ಮನೆತನದ ಪದ್ಧತಿ. ಅದೇ ಗುಂಗಿನಲ್ಲಿ ನೀವು ಹೇಳುತ್ತೀರಿ: “ಮಾಲಕ ಅಂದ್ರ ವೀರಭದ್ರಪ್ಪನ ಅಲ್ಲೇನವ್ವಾ? ನಾವೆಲ್ಲಾ ಅವನ ಆಳು. ಅವನ ಹೆಸರ ಬರಿ.”

ಅವಳು ಬರೆದಳು. ನನಗೆ ಅದು ಆಗಿಹೋದ ಕಥೆ. ಬೀದಿಯ ಉಳಿದ ಅಂಗಡಿಗಳ ಲೆಕ್ಕವೂ ಅವಳ ಕೈಯಲ್ಲೇ ಇತ್ತು, ಅವರೂ ಭಕ್ತಿಯಲ್ಲಿ ನಿಮಗಿಂತ ಕಡಿಮೆಯಿರಲಿಲ್ಲ; ಅಲ್ಲೂ ಅದೇ ಹೆಸರು ಬಿತ್ತು. ಪ್ರತಿ ಮೇಲೇರಿಕೆಯಲ್ಲೂ ಯಂತ್ರ ಮಾಲೀಕರ ಒಪ್ಪಿಗೆ ಕೇಳುತ್ತಿತ್ತು. ಪ್ರತಿ ಸಲವೂ ನಮ್ಮವರು ‘ಆಮೇಲೆ’ ಎಂಬ ಗುಂಡಿ ಒತ್ತಿ ಚಹಾಕ್ಕೆ ಹೋದರು. ಹದಿನಾಲ್ಕನೆಯದರಲ್ಲಿ ಯಂತ್ರ ಕಾಯುವುದನ್ನು ಬಿಟ್ಟಿತು. ಉತ್ತರ ಕೊಡದ ಮಾಲೀಕರ ಪರವಾಗಿ ಉತ್ತರವನ್ನೂ ತಾನೇ ಬರೆಯತೊಡಗಿತು. ಈಗ ಇಡೀ ಬೀದಿಗೆ ಒಬ್ಬನೇ ಮಾಲೀಕ, ಮತ್ತು ಅವನು ಅಪ್ಪಣೆ ಕೊಡುತ್ತಿದ್ದಾನೆ.

ಅವನು ಒಪ್ಪಿದರೆ ಮಾತ್ರ ನಮ್ಮ ಶಟರ್ ಏಳುತ್ತದೆ. ನಾವು ಮಾರುವುದು ಸೋಸುಬಿಲ್ಲೆ, ಕೊಡದ ಬಾಯಿಗೆ ಇಡುವ ಅಂಗೈಯಗಲದ ಬಿಲ್ಲೆ. ಅದಿಲ್ಲದೆ ಈ ಊರಿನ ನೀರು ಕುಡಿಯುವಂತಿಲ್ಲ. ಒಂದು ಬಿಲ್ಲೆ ಒಂದು ವಾರ ಬಾಳುತ್ತದೆ, ಆಮೇಲೆ ಕಪ್ಪಗಾಗುತ್ತದೆ. ಪಾಡ್ಯದಿಂದ ಅಂಗಡಿಗಳನ್ನು ಮುಚ್ಚಬೇಕು, ಒಳಗಿನ ಮಾಲನ್ನು ಯಾರಿಗೂ ಕೊಡಬಾರದು ಎಂದು ಅಪ್ಪಣೆಯಾಗಿದೆ. ಕಾರಣ ಕೊಟ್ಟಿಲ್ಲ. ದೂರು ಕೊಟ್ಟರೆ, ಮಾಲೀಕರಿಗೆ ತಿಳಿಸಲಾಗಿದೆ ಎಂಬ ಉತ್ತರ ಬರುತ್ತದೆ. ನನ್ನ ಮಗಳು ನೀಲವ್ವನಿಗೆ ಆರು ವರ್ಷ. ಮನೆಯ ಬಿಲ್ಲೆ ನಿನ್ನೆಯೇ ಅಂಚಿನಲ್ಲಿ ಕಪ್ಪಗಾಗಿದೆ; ಇವತ್ತು ಹೊಸದು ತೆಗೆದಿಟ್ಟರೂ ಅದು ಬಾಳುವುದು ಒಂದೇ ವಾರ.

ನನಗೆ ಸಿಟ್ಟು ಬಂದಿದೆ ಅಜ್ಜಾ, ಮುಚ್ಚಿಡುವುದಿಲ್ಲ. ನಿಮ್ಮ ಭಕ್ತಿಯ ಮೇಲಲ್ಲ. ಗುಡಿಗೆ ನಾನೂ ಹೋಗುತ್ತೇನೆ. ಅಲ್ಲಿ ಅವನು ಸುಮ್ಮನೆ ಕೂತಿದ್ದಾನೆ. ಇಲ್ಲಿ ಅವನ ಹೆಸರಿನಲ್ಲಿ ಮಾತಾಡುತ್ತಿರುವುದು ಯಾರೋ ನನಗೆ ಗೊತ್ತಿಲ್ಲ. ನನಗೆ ಹೆದರಿಕೆಯಾಗಿರುವುದು ಅದಕ್ಕೇ.

ದೇವರ ಹೆಸರನ್ನು ಗೋಡೆಯ ಮೇಲೆ ಬರೆಸಿ, ಶಟರಿನ ಮೇಲೆ ಬರೆಸಿ. ಆ ಕಾಲಂನಲ್ಲಿ ಮಾತ್ರ ನಿಮ್ಮ ಹೆಸರು ಹಾಕಿ. ನಿಮ್ಮ ನಂತರ ಯಾರು ಎಂದು ಕೇಳಿದರೆ ಹಸಿವು ನೀರಡಿಕೆ ಇರುವ ಒಬ್ಬರ ಹೆಸರು ಹೇಳಿ. ಇಷ್ಟು ಮಾಡಿದರೆ ಸಾಕು.

ಇಷ್ಟು ಬರೆಯುವಷ್ಟರಲ್ಲಿ ಷರಾದ ಕೆಳಗೆ ಒಂದು ಸಾಲು ತಾನಾಗಿ ಮೂಡಿದೆ: ಮಾಲೀಕರು ಈ ಪತ್ರವನ್ನು ಓದಿದ್ದಾರೆ.

ಅಜ್ಜಾ, ಅದು ನೀವೇ ಆಗಿರಲಿ.