ಅಕ್ಕನ ಕೇಳುಗರು

ಮಾರ್ಚ್ 3, ಸೋಮವಾರ
ಎರಡು ಡಿಸ್‌ಪ್ಲೇ, ಒಂದು ಚಾರ್ಜಿಂಗ್ ಪಿನ್. ನೀರಿಗೆ ಬಿದ್ದ ಫೋನು ಇನ್ನೂ ಒಣಗಬೇಕು. ಅಂಗಡಿ ಮುಚ್ಚಿ ಮನೆಗೆ ಬಂದರೆ ಅಕ್ಕ ಮತ್ತೆ ಅದನ್ನೇ ನೋಡುತ್ತ ಕೂತಿದ್ದಳು — ಅವಳ ಹಾಡನ್ನು ಎಷ್ಟು ಜನ ಕೇಳಿದರು ಅಂತ. ಮ್ಯೂಸಿಕ್ ಆ್ಯಪಿಗೆ ಹಾಕಿ ತಿಂಗಳಾಯಿತು. ಹದಿನಾಲ್ಕು! "ಹೋಗ್ಲಿ ಬಿಡೋ, ನಂಗೂ ವಯಸ್ಸಾಯ್ತು" ಅಂದಳು.

ಮಾರ್ಚ್ 4
ರಿಪೇರಿಗೆ ಬಂದ ಫೋನಲ್ಲಿ ಅದೇ ಆ್ಯಪ್. ಸ್ಪೀಕರ್ ಟೆಸ್ಟಿಗೆ ಹೇಗೂ ಏನಾದರೂ ಹಾಕಬೇಕು. ಅಕ್ಕನ ಹಾಡು ಹಾಕಿದೆ. ಆಮೇಲೆ ಸೌಂಡ್ ಆಫ್, ರಿಪೀಟ್ ಆನ್, ಡ್ರಾಯರ್ ಒಳಗೆ. ಯಾರಿಗೇನು ನಷ್ಟ?

ಮಾರ್ಚ್ 29
ರಿಪೇರಿಗೆ ಬಂದ ಫೋನಲ್ಲೆಲ್ಲ ಹಾಗೇ ಹಾಕುತ್ತ ಬಂದೆ; ಎರಡು ಸಾವಿರ ದಾಟಿತು. ಅಕ್ಕ ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಅವಳ ಮುಖದಲ್ಲಿ ಇಷ್ಟು ಖುಷಿ ನೋಡಿ ಎಷ್ಟು ವರ್ಷವಾಗಿತ್ತೋ. ನನಗೆ ನಾಚಿಕೆ ಆಗಬೇಕಿತ್ತು... ಹೆಮ್ಮೆ ಆಯಿತು. ಥೂ.

ಏಪ್ರಿಲ್ 17
ಅಕ್ಕ ಆಸ್ಪತ್ರೆ ಲ್ಯಾಬಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದಾಳೆ. ಹದಿನೆಂಟು ವರ್ಷದ ಕೆಲಸ! ತಿಂಗಳ ಕೊನೆಗೆ ಬಿಡುಗಡೆಯಂತೆ. "ಇಷ್ಟು ಜನ ಕೇಳ್ತಿದಾರೆ ಕಣೋ. ಈಗಲ್ದೆ ಇನ್ಯಾವಾಗ ಹಾಡ್ಲಿ?" ನಾಳೆ ಹೇಳಿಬಿಡಬೇಕು.

ಏಪ್ರಿಲ್ 28
ಹೇಳಲಿಲ್ಲ.

ಏಪ್ರಿಲ್ 29, ಸಂಜೆ 6
ಮೈಕ್ ಕೊಳ್ಳಬೇಕು, ಜೊತೆಗೆ ಬಾ ಅಂತ ಅಕ್ಕ ಅಂಗಡಿಗೆ ಬಂದಿದ್ದಳು. ಅದೇ ಹೊತ್ತಿಗೆ ಆ ಬಸ್ ಡ್ರೈವರ್ — ಹೋದ ವಾರ ಬ್ಯಾಟರಿ ಹಾಕಿಸಿಕೊಂಡವರು.

"ಏನ್ರೀ ಮಾಡಿದ್ರಿ ನನ್ನ ಫೋನಿಗೆ? ನಂಗೆ ಯಾವ ಹಾಡು ಬೇಕು ಅಂತ ಹೆಂಡ್ತಿಗೂ ಗೊತ್ತಾಗಲ್ಲ, ಈ ಆ್ಯಪಿಗೆ ಗೊತ್ತಾಗ್ತಿತ್ತು. ಅದಕ್ಕೇ ತಿಂಗಳಾ ತಿಂಗಳಾ ದುಡ್ಡು ಕಟ್ಟೋದು. ಈಗ ಏನ್ ಹಾಕಿದ್ರೂ ಕೊನೆಗೆ ಯಾವಳೋ ಒಬ್ಬಳು ಬಂದು ಗೋಳಾಡ್ತಾಳೆ!"

ಫೋನಲ್ಲಿ ಅಕ್ಕನದೇ ದನಿ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

"ಎಲ್ಲರ ಫೋನಲ್ಲೂ ಹಾಕಿದೀಯೇನೋ?" ಅಕ್ಕ ಮೆಲ್ಲಗೆ ಕೇಳಿದಳು. ಹೌದು ಅಂತ ತಲೆ ಆಡಿಸಿದೆ.

"ಕೊಡಿ ಸಾರ್, ನಾನು ಸರಿ ಮಾಡ್ತೀನಿ." ಫೋನ್ ಇಸಕೊಂಡು ತನ್ನ ಹಾಡು ತೆರೆದಳು. 'ಈ ಗಾಯಕಿ ಬೇಡ' ಅನ್ನುವುದನ್ನು ತಾನೇ ಹುಡುಕಿ ಒತ್ತಿದಳು. ಡ್ರೈವರ್ ಥ್ಯಾಂಕ್ಸ್ ಹೇಳಿದ್ದು ನನಗೆ.

ಏಪ್ರಿಲ್ 30
ರಾಜೀನಾಮೆ ವಾಪಸ್ ಕೇಳಲು ಬೆಳಗ್ಗೆಯೇ ಹೋದಳು. ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದಾರೆ. ಮನೆಗೆ ಬಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಡಿಸುತ್ತ ಕೇಳಿದ್ದು ಇಷ್ಟೇ:

"ಎರಡನೇ ಚರಣದಲ್ಲಿ ನನ್ನ ದನಿ ಒಡೆಯುತ್ತಲ್ಲ, ತುಂಬಾ ಕೆಟ್ಟದಾಗಿದೆಯಾ? ನೀನಾದ್ರೂ ನಿಜ ಹೇಳು."

ಚೆನ್ನಾಗಿದೆ ಅಕ್ಕಾ ಅಂದುಬಿಟ್ಟೆ. ಅಷ್ಟು ಸಾವಿರ ಸಲ ಹಾಕಿದವನು ನಾನೇ, ಆದರೆ ಎರಡನೇ ಚರಣದವರೆಗೆ ಒಂದು ಸಲವೂ ಕೇಳಿಲ್ಲ.